ಒತ್ತಡವನ್ನು ಅರಿಯುವ ಪೊರೆ

ವಾಯುಮಂಡಲವು ನಮ್ಮ ಮೈಯ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋಗ್ರಾಮಿನಷ್ಟು ಭಾರವನ್ನು ಹೇರುತ್ತಿದೆ. ದೇಹದೊಳಗಿನ ಒತ್ತಡವೂ ಅದಕ್ಕೆ ಸಮನಾಗಿರುವುದರಿಂದ ನಮಗೆ ಅದರ ಅರಿವಿಲ್ಲ. ಕಣ್ಣಿಗೆ ಕಾಣದ ಈ ಭಾರವನ್ನು ಪಾದರಸದ ಕಂಬದಿಂದ ಅಳೆಯಬಹುದೆಂದು ಇಟಲಿಯ ಟಾರಿಚೆಲಿ 1644ರಲ್ಲಿ ವಿವರಿಸಿದನು. ಕಡಲತೀರದಲ್ಲಿ ಸುಮಾರು 76 ಸೆಂಟಿಮೀಟರ್ ನಿಲ್ಲುವ ಆ ಕಂಬವು, ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 68ಕ್ಕೆ ಇಳಿಯುತ್ತದೆ.

ಗಾಜಿನ ನಳಿಗೆ, ಚೆಲ್ಲುವ ಪಾದರಸ, ಇವನ್ನು ಹೊತ್ತು ತಿರುಗುವುದು ಸುಲಭವಲ್ಲ. ಫ್ರಾನ್ಸಿನ ಲೂಸಿಯನ್ ವಿದಿ ಎಂಬಾತನು 1844ರಲ್ಲಿ ಗಾಳಿ ತೆಗೆದು ಮುಚ್ಚಿದ ತೆಳುಲೋಹದ ಡಬ್ಬಿಯೊಂದನ್ನು ಬಳಸಿದನು. ಹೊರಗಿನ ಒತ್ತಡ ಹೆಚ್ಚಿದರೆ ಡಬ್ಬಿಯ ಮೈ ಒಳಕ್ಕೆ ಕುಗ್ಗುವುದು. ಸನ್ನೆಗೋಲುಗಳು ಆ ಚಲನೆಯನ್ನು ಹಿಗ್ಗಿಸಿ ಮುಳ್ಳನ್ನು ತಿರುಗಿಸುವುವು.

ಇಂದಿನ ಅನೇಕ ಒತ್ತಡಸಂವೇದಕಗಳ ಜೀವಾಳವೂ ಇಂಥ ಬಾಗುವ ಪೊರೆಯೇ. ಮೃದಂಗದ ಮುಚ್ಚಿಗೆಯಂತೆ ಅಂಚುಗಳಲ್ಲಿ ಬಿಗಿಯಾಗಿ ನಿಂತ ಅತಿ ತೆಳುವಾದ ಸಿಲಿಕಾನ್ ಪೊರೆಯ ಒಂದು ಮಗ್ಗುಲಿಗೆ ಅಳೆಯಬೇಕಾದ ಒತ್ತಡ, ಇನ್ನೊಂದು ಮಗ್ಗುಲಿಗೆ ನಿರ್ವಾತ ಅಥವಾ ಹೊರಗಿನ ಗಾಳಿ. ಮುಳ್ಳಿನ ಬದಲು ಇಲ್ಲಿ ವಿದ್ಯುತ್ತೇ ಸುದ್ದಿ ಹೇಳಬೇಕು. ಸಿಲಿಕಾನನ್ನು ಹಿಂಡಿದರೆ ಅಥವಾ ಎಳೆದರೆ ಅದರ ವಿದ್ಯುತ್‌ರೋಧವು ಗಮನಾರ್ಹವಾಗಿ ಬದಲಾಗುವುದೆಂಬುದನ್ನು ಅಮೆರಿಕದ ಚಾರ್ಲ್ಸ್ ಸ್ಮಿತ್ 1954ರಲ್ಲಿ ಪ್ರಕಟಿಸಿದನು. ಪೊರೆಯ ಮೇಲೆ ನಾಲ್ಕು ರೋಧಕಗಳನ್ನು ರೂಪಿಸಿ, ವೀಟ್‌ಸ್ಟನ್ ಸೇತುವೆಯಂತೆ ಜೋಡಿಸುತ್ತಾರೆ. ಪೊರೆ ಬಾಗಿದಾಗ ಎರಡರ ರೋಧ ಏರುತ್ತದೆ, ಎರಡರದು ಇಳಿಯುತ್ತದೆ. ಸೇತುವೆಯ ಸಮತೋಲ ಕೆಡುತ್ತದೆ. ಆಗ ತೋರುವ ಅಲ್ಪ ವಿದ್ಯುದ್ವಿಭವವೇ ಒತ್ತಡದ ಅಳತೆ. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ಅಂಕಿಗಳಲ್ಲಿ ತೋರಿಸುವ ಯಂತ್ರದಲ್ಲಿರುವುದೂ ಇಂಥದೊಂದು ಸಂವೇದಕ.

ಸಂವೇದಕವು ತನ್ನನ್ನು ಮುಟ್ಟಿದ ಒತ್ತಡವನ್ನಷ್ಟೇ ಬಲ್ಲದು. ವಿಮಾನದ ಮೈಮೇಲಿನ ಕಿರುರಂಧ್ರಗಳಿಂದ ಒಳಬರುವ ಗಾಳಿಯ ಒತ್ತಡವೇ ಚಾಲಕನಿಗೆ ಎತ್ತರವನ್ನು ತಿಳಿಸುತ್ತದೆ. 1996ರ ಅಕ್ಟೋಬರ್ 2ರಂದು ಪೆರು ದೇಶದ ಲಿಮಾದಿಂದ ರಾತ್ರಿ ಹೊರಟ ವಿಮಾನವೊಂದರಲ್ಲಿ, ತೊಳೆಯುವಾಗ ಈ ರಂಧ್ರಗಳಿಗೆ ಅಂಟಿಸಿದ್ದ ಪಟ್ಟಿಯನ್ನು ತೆಗೆದಿರಲಿಲ್ಲ. ಕತ್ತಲಲ್ಲಿ ದಿಕ್ಕುಗೆಟ್ಟ ಚಾಲಕರು ನೆಲದ ನಿಯಂತ್ರಣಾಧಿಕಾರಿಯನ್ನು ಎತ್ತರ ಕೇಳಿದರು. ಆತ ಹೇಳಿದ ಅಂಕಿಯಾದರೋ ಅದೇ ವಿಮಾನದ ಉಪಕರಣ ಕಳುಹಿಸಿದ್ದು! ವಿಮಾನ ಶಾಂತಸಾಗರಕ್ಕೆ ಬಿದ್ದು ಅದರಲ್ಲಿದ್ದ 70 ಮಂದಿಯೂ ಮಡಿದರು.

ಕಡಲತಳದಲ್ಲೂ ಒತ್ತಡವನ್ನು ಅಳೆಯುತ್ತಾರೆ. 2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ಎದ್ದ ಸುನಾಮಿಯು ತಮಿಳುನಾಡಿನ ತೀರವನ್ನು ತಲಪಲು ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಮುನ್ಸೂಚನೆ ಕೊಡುವ ಏರ್ಪಾಡು ಆಗ ಇರಲಿಲ್ಲ. 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಆರಂಭವಾಯಿತು. ನಡುಗಡಲಿನಲ್ಲಿ ಹಡಗಿನವರಿಗೂ ತಿಳಿಯದಂತೆ ಸುನಾಮಿ ಸಾಗಿಹೋಗುತ್ತದೆ. ಆದರೆ ಸಾವಿರಾರು ಮೀಟರ್ ಆಳದಲ್ಲಿರುವ ಸಂವೇದಕವು ಮೇಲಿನ ನೀರು ಒಂದು ಸೆಂಟಿಮೀಟರ್ ಏರಿದರೂ ಗುರುತಿಸಬಲ್ಲದು. ಆ ಸುದ್ದಿ ಶಬ್ದತರಂಗವಾಗಿ ಮೇಲಿನ ತೇಲುಯಂತ್ರವನ್ನು ಸೇರಿ, ಅಲ್ಲಿಂದ ಉಪಗ್ರಹದ ಮೂಲಕ ಹೈದರಾಬಾದನ್ನು ಮುಟ್ಟುತ್ತದೆ.