ಮಾಂಟೆಸ್ಸರಿ ಪದ್ಧತಿಯೂ ನಮ್ಮ ಹಳ್ಳಿಯ ಮನೆಯೂ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮಕ್ಕಳ ವಿದ್ಯಾಭ್ಯಾಸದ ಮಾತು ಬಂದಾಗಲೆಲ್ಲ ಹಿರಿಯರು ಇದನ್ನು ಹೇಳುವುದುಂಟು. ಎಳೆತನದಲ್ಲಿ ಕಲಿತದ್ದು ಬಾಳಿನುದ್ದಕ್ಕೂ ನಿಲ್ಲುತ್ತದೆ ಎಂಬ ಅರ್ಥದಲ್ಲಿ ಈ ಗಾದೆ ನಿಜವಾದದ್ದೇ. ಆದರೆ ಗಿಡವನ್ನು ಬಗ್ಗಿಸಲೇಬೇಕೆ? ನೀರೆರೆದು, ಬೇಲಿ ಕಟ್ಟಿ, ಬಿಸಿಲು ಬೀಳುವಂತೆ ಬಿಟ್ಟರೆ ಅದು ತಾನಾಗಿಯೇ ನೆಟ್ಟಗೆ ಬೆಳೆಯಲಾರದೆ? ಈ ಪ್ರಶ್ನೆಗೆ ಮಕ್ಕಳ ನಡುವೆಯೇ ಕುಳಿತು ಉತ್ತರ ಕಂಡುಕೊಂಡವರು ಇಟಲಿ ದೇಶದ ಡಾಕ್ಟರ್ ಮರಿಯಾ ಮಾಂಟೆಸ್ಸರಿ.

ಈ ಹೆಸರು ನಮಗೆ ಅಪರಿಚಿತವೇನಲ್ಲ. ಪಟ್ಟಣಗಳ ಶಿಶುವಿಹಾರಗಳ ಫಲಕಗಳ ಮೇಲೆ ಇದನ್ನು ಕಾಣುತ್ತೇವೆ. ಆದರೆ ನಮ್ಮ ಐ.ಡಿ.ಹಳ್ಳಿಯ ಕಡೆ ಯಾರನ್ನಾದರೂ ಕೇಳಿದರೆ, ಮಾಂಟೆಸ್ಸರಿ ಎಂದರೆ ಬಣ್ಣ ಬಳಿದ ಕಟ್ಟಡ, ಸಮವಸ್ತ್ರ, ಬೆಳಿಗ್ಗೆ ಬರುವ ವ್ಯಾನು ಮತ್ತು ದೊಡ್ಡ ಫೀಸು ಎಂದು ಹೇಳುತ್ತಾರೆ. ಅದು ಹಣವುಳ್ಳವರ ಸ್ವತ್ತು, ಓದುಬರಹ ಬಲ್ಲ ತಂದೆತಾಯಿಗಳಿಗೆ ಮಾತ್ರ ಸಲ್ಲುವಂಥದು ಎಂಬ ಭಾವನೆ ಬೇರೂರಿದೆ. ಈ ಭಾವನೆ ಸರಿಯಲ್ಲವೆಂದೂ, ಬಡವರ ಮನೆಯಲ್ಲಿಯೂ ಈ ಪದ್ಧತಿಗೆ ಸ್ಥಾನವುಂಟೆಂದೂ, ಅದಕ್ಕೆ ಬೇಕಾದುದು ದುಡ್ಡಿಗಿಂತ ಹೆಚ್ಚಾಗಿ ತಾಯಿಯ ಪಕ್ಕದಲ್ಲಿ ಕುಳಿತು ತಿಳಿಯಹೇಳುವ ಒಬ್ಬ ಮಾರ್ಗದರ್ಶಿಯೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮರಿಯಾ ಮಾಂಟೆಸ್ಸರಿ ಹುಟ್ಟಿದ್ದು 1870ರ ಆಗಸ್ಟ್ 31ರಂದು. 1896ರಲ್ಲಿ ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿ ಪಡೆದ ಆಕೆ ಇಟಲಿಯ ಮೊದಲ ಮಹಿಳಾ ವೈದ್ಯರಲ್ಲಿ ಒಬ್ಬರು. ಮಂದಬುದ್ಧಿಯವರೆಂದು ಸಮಾಜ ಕೈಬಿಟ್ಟಿದ್ದ ಮಕ್ಕಳ ನಡುವೆ ಕೆಲಸಮಾಡುತ್ತ, ಕೈಗೆ ತಕ್ಕ ಕೆಲಸ ಕೊಟ್ಟರೆ ಅವರ ಬುದ್ಧಿಯೂ ಅರಳುತ್ತದೆಂಬುದನ್ನು ಕಂಡರು. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಅವರ ಮೊದಲ ‘ಮಕ್ಕಳ ಮನೆ’ ತೆರೆಯಿತು. ಅಲ್ಲಿ ಸೇರಿದ ಸುಮಾರು 50 ಮಕ್ಕಳು ಕೂಲಿಕಾರರ ಮಕ್ಕಳು. ತಂದೆತಾಯಿಗಳು ಬೆಳಗಾದರೆ ದುಡಿಮೆಗೆ ಹೊರಡುವವರು. ಅವರಲ್ಲಿ ಬಹುಮಂದಿಗೆ ಅಕ್ಷರ ಬಾರದು.

ಆ ಮಕ್ಕಳ ಮನೆಯ ನಿಯಮಗಳಲ್ಲಿ ಒಂದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಶಾಲೆ ಇದ್ದದ್ದು ಆ ಕುಟುಂಬಗಳು ವಾಸವಾಗಿದ್ದ ವಠಾರದಲ್ಲಿಯೇ. ಅದರ ನಿರ್ದೇಶಕಿಯೂ ಅಲ್ಲಿಯೇ ಮನೆ ಮಾಡಿಕೊಂಡಿರಬೇಕಾಗಿತ್ತು. ಪ್ರತಿಯೊಬ್ಬ ತಾಯಿಯೂ ವಾರಕ್ಕೆ ಒಮ್ಮೆಯಾದರೂ ಆಕೆಯನ್ನು ಕಂಡು, ಮನೆಯಲ್ಲಿ ಮಗು ಹೇಗಿದೆಯೆಂದು ತಿಳಿಸಿ, ಆಕೆಯ ಸಲಹೆಯನ್ನು ಕೇಳಬೇಕಾಗಿತ್ತು. ಎಂದರೆ ಮಗುವಿನ ಶಿಕ್ಷಣದ ಜೊತೆಗೆ ತಾಯಿಯ ಶಿಕ್ಷಣವೂ ಈ ಪದ್ಧತಿಯಲ್ಲಿ ಮೊದಲ ದಿನದಿಂದಲೇ ಸೇರಿತ್ತು. ಅದು ಸಭೆ ಕೂಡಿಸಿ ಮಾಡುವ ಭಾಷಣವಾಗಿರಲಿಲ್ಲ. ಒಬ್ಬ ತಾಯಿ, ಒಂದು ಮಗು, ಒಂದು ಮನೆ ಎಂಬ ಲೆಕ್ಕದಲ್ಲಿ ನಡೆಯುತ್ತಿದ್ದ ಮಾತುಕತೆಯಾಗಿತ್ತು.

ಭಾರತಕ್ಕೆ ಈ ವಿಚಾರ ಬಂದ ದಾರಿಯೂ ಸ್ವಾರಸ್ಯವಾದದ್ದು. ಗುಜರಾತಿನ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು, ತಂದೆತಾಯಿಗಳಿಗಾಗಿಯೇ ಪುಸ್ತಕಗಳನ್ನು ಬರೆದರು. 1931ರಲ್ಲಿ ಗಾಂಧೀಜಿ ಲಂಡನ್ನಿನಲ್ಲಿ ಮಾಂಟೆಸ್ಸರಿಯವರನ್ನು ಕಂಡಾಗ, ಈ ಶಿಕ್ಷಣ ಸಿರಿವಂತರ ಮಕ್ಕಳಿಗೆ ಮಾತ್ರವಲ್ಲದೆ ಕಡುಬಡವರ ಮಕ್ಕಳಿಗೂ ದೊರೆಯಲೆಂದು ಆಶಿಸಿದರು. 1939ರಲ್ಲಿ ಮಾಂಟೆಸ್ಸರಿಯವರೇ ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧದ ಕಾರಣ ಹಿಂದಿರುಗಲಾಗದೆ 1946ರವರೆಗೆ ನಮ್ಮ ದೇಶದಲ್ಲಿಯೇ ಉಳಿದು, ಅಡ್ಯಾರ್ ಮತ್ತು ಕೊಡೈಕನಾಲುಗಳಲ್ಲಿದ್ದುಕೊಂಡು ನೂರಾರು ಅಧ್ಯಾಪಕರನ್ನು ತಯಾರುಮಾಡಿದರು. ಗಿಜುಭಾಯಿಯವರ ಜೊತೆಗಾರರಾಗಿದ್ದ ತಾರಾಬಾಯಿ ಮೋಡಕ್ 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿ ಎಂಬ ಹಳ್ಳಿಯಲ್ಲಿ ಕೆಲಸ ಆರಂಭಿಸಿದರು. ಬಡವರ ಮಕ್ಕಳು ಶಾಲೆಗೆ ಬಾರದಿದ್ದಾಗ ಅವರು ಶಾಲೆಯನ್ನೇ ಕೇರಿಯ ಅಂಗಳಕ್ಕೆ ಕೊಂಡೊಯ್ದರು. ಇಂದು ನಮ್ಮ ಊರೂರಲ್ಲಿರುವ ‘ಅಂಗನವಾಡಿ’ಯ ಹೆಸರಿನ ಹಿಂದೆ ಈ ಅಂಗಳವಿದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಾರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಹೀಗೆ ನೋಡಿದರೆ, ನಾವು ಕಡೆಗಣಿಸುವ ಅಂಗನವಾಡಿಯೂ ನಾವು ಆಸೆಪಡುವ ಮಾಂಟೆಸ್ಸರಿ ಶಾಲೆಯೂ ದೂರದ ನಂಟರೇ ಎಂಬುದು ತಿಳಿಯುತ್ತದೆ.

ಇನ್ನು ಪದ್ಧತಿಯ ತಿರುಳೇನು? ಮೊದಲನೆಯದು, ಹುಟ್ಟಿನಿಂದ ಆರು ವರ್ಷದವರೆಗೆ ಮಗುವಿನ ಮನಸ್ಸು ಸುತ್ತಲಿನದನ್ನು ಹೀರಿಕೊಳ್ಳುತ್ತದೆ ಎಂಬುದು. ನಮ್ಮ ಗಡಿಭಾಗದಲ್ಲಿ ಇದಕ್ಕೆ ಸಾಕ್ಷಿ ಹುಡುಕಬೇಕಾದ್ದಿಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಕೇಳುವ ನಾಲ್ಕು ವರ್ಷದ ಕೂಸು ಎರಡನ್ನೂ ತಪ್ಪಿಲ್ಲದೆ ಆಡುತ್ತದೆ. ಯಾರೂ ಅದಕ್ಕೆ ವ್ಯಾಕರಣ ಹೇಳಿಕೊಟ್ಟಿಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಇಂಗ್ಲಿಷ್ ಪತ್ರಿಕೆಗೆ ನಾವು ಪಡುವ ಪಾಡನ್ನು ನೆನೆದರೆ ಆ ಕೂಸಿನ ಸಾಮರ್ಥ್ಯ ಎಷ್ಟೆಂಬುದು ಅರಿವಾದೀತು. ಎರಡನೆಯದು, ಮಗು ಕೈಯಿಂದ ಕಲಿಯುತ್ತದೆ ಎಂಬುದು. ಮೂರನೆಯದು, ಮಗುವಿನ ಎತ್ತರಕ್ಕೆ, ಅದರ ಕೈಯಳತೆಗೆ ಹೊಂದುವಂತೆ ಅಣಿಮಾಡಿದ ಪರಿಸರ ಬೇಕು, ಅಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಗೊತ್ತಾದ ಜಾಗ ಇರಬೇಕು ಎಂಬುದು. ನಾಲ್ಕನೆಯದು, ತಪ್ಪನ್ನು ಹಿರಿಯರು ಎತ್ತಿ ಹೇಳುವ ಬದಲು ವಸ್ತುವೇ ತೋರಿಸಿಕೊಡಬೇಕು ಎಂಬುದು. ಹಿರಿಯರ ಪಾಲಿನ ಮುಖ್ಯ ಕೆಲಸ ತಾಳ್ಮೆಯಿಂದ ನೋಡುವುದು.

ಇವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಕಡೆಯ ಒಂದು ಮನೆಯೊಳಗೆ ನೋಡೋಣ. ಮೆಟ್ರಿಕ್ ಅಳತೆ ಬಂದು ಆರು ದಶಕ ಕಳೆದಿದ್ದರೂ ಅಜ್ಜಿಯ ಕಾಲದ ಸೇರು, ಅಚ್ಚೇರು, ಪಾವು, ಚಟಾಕು ಇನ್ನೂ ಎಷ್ಟೋ ಮನೆಗಳ ಮೂಲೆಯಲ್ಲಿವೆ. ಅವನ್ನು ಸಾಲಾಗಿಟ್ಟರೆ ದೊಡ್ಡದು ಚಿಕ್ಕದು ಎಂಬ ಪಾಠ. ಒಂದರೊಳಗೊಂದು ಕೂರಿಸಿದರೆ, ಕ್ರಮ ತಪ್ಪಿದಾಗ ಪಾತ್ರೆಯೇ ಒಳಗೆ ಹೋಗದೆ ತಪ್ಪನ್ನು ತೋರಿಸುತ್ತದೆ. ರಾಗಿ ತುಂಬಿ ಸುರಿದರೆ, ನಾಲ್ಕು ಪಾವಿಗೆ ಒಂದು ಸೇರು ಎಂಬ ಗಣಿತ ಕೈಗೇ ತಿಳಿಯುತ್ತದೆ. ಸಣ್ಣ ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸುವುದು, ಚೆಲ್ಲಿದ್ದನ್ನು ಒರೆಸುವುದು, ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುವುದು, ಟವಲು ಮಡಿಸುವುದು ಇವೆಲ್ಲ ಮಾಂಟೆಸ್ಸರಿ ಶಾಲೆಗಳಲ್ಲಿ ದಿನವೂ ನಡೆಯುವ ಅಭ್ಯಾಸಗಳೇ. ಕಡಲೆಕಾಯಿಯ ಕಾಲದಲ್ಲಿ ಬಲಿತ ಕಾಯಿ ಬೇರೆ, ಜೊಳ್ಳು ಬೇರೆ ಮಾಡುವುದು ಕಣ್ಣಿಗೂ ಬೆರಳಿಗೂ ಒಳ್ಳೆಯ ಸಾಧನೆ. ಆದರೆ ಬಿಡಿಸಿದ ಬೀಜವನ್ನು ಎಳೆಯ ಮಕ್ಕಳ ಕೈಗೆ ಕೊಟ್ಟು ಆಚೆ ಹೋಗಬಾರದು. ಗಂಟಲಿಗೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ.

ಅಕ್ಷರದ ವಿಷಯವೂ ಹೀಗೆಯೇ. ಮಾಂಟೆಸ್ಸರಿ ಮಕ್ಕಳು ಮರಳುಕಾಗದದಲ್ಲಿ ಕತ್ತರಿಸಿದ ಅಕ್ಷರದ ಮೇಲೆ ಬೆರಳಾಡಿಸುತ್ತ ಅದರ ಧ್ವನಿಯನ್ನು ಹೇಳುತ್ತವೆ. ನಮ್ಮ ಹಿಂದಿನ ಕೂಲಿಮಠಗಳಲ್ಲಿ ಮರಳು ಹರಡಿ ಬೆರಳಿನಿಂದ ತಿದ್ದಿಸುತ್ತಿದ್ದರು. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ಧ್ವನಿ ಬೇರೆ. ಕನ್ನಡದಲ್ಲಾದರೋ ‘ಕ’ ಎಂಬುದರ ಹೆಸರೂ ಧ್ವನಿಯೂ ಒಂದೇ. ಈ ಪದ್ಧತಿಗೆ ನಮ್ಮ ಭಾಷೆ ಎಷ್ಟು ಸುಲಭವಾಗಿ ಒಗ್ಗುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಾಮಗ್ರಿ ಇಷ್ಟಿದ್ದರೂ ಮನೆಗಳಲ್ಲಿ ಈ ಕಲಿಕೆ ಏಕೆ ನಡೆಯುತ್ತಿಲ್ಲ? “ನಮಗೇನು ಗೊತ್ತು?” ಎಂಬ ಕೀಳರಿಮೆಯೇ ಕಾರಣವೆಂದು ನನಗೆ ತೋರುತ್ತದೆ. ನಮ್ಮ ಮನೆಯಲ್ಲಿ ಡಿಗ್ರಿಯವರೆಗೆ ಬಂದವಳು ನಾನೊಬ್ಬಳೇ. ನನ್ನ ಅಕ್ಕ ಏಳನೆಯ ತರಗತಿಗೆ ಓದು ಬಿಟ್ಟವಳು. ಅವಳ ಮಗಳಿಗೆ ಮೂರು ತುಂಬಿದಾಗ ಪಟ್ಟಣದ ಶಾಲೆಗೆ ವ್ಯಾನಿನಲ್ಲಿ ಕಳುಹಿಸುವ ಮಾತು ಬಂತು. ಫೀಸಿನ ಲೆಕ್ಕ ಹಾಕಿದರೆ ಒಂದು ವರ್ಷದ ಕಡಲೆಕಾಯಿಯ ಹುಟ್ಟುವಳಿ ಅದಕ್ಕೇ ಹೋಗುತ್ತಿತ್ತು. ಉಳಿದದ್ದಕ್ಕೆ ಸಾಲ ಮಾಡಬೇಕಾಗಿತ್ತು. “ಓದಿರೋಳು ನೀನು, ನೀನೇ ಹೇಳವ್ವ” ಎಂದಳು ಅಮ್ಮ. “ನಾನು ಮನೇಲಿ ಇಟ್ಕೊಂಡು ಏನ್ ಕಲಿಸ್ಲಿ? ನಂಗೇ ಬರಲ್ಲ” ಎಂದಳು ಅಕ್ಕ.

ಭಾನುವಾರ ಭಾನುವಾರ ನಾನು ಅವಳ ಮನೆಗೆ ಹೋಗತೊಡಗಿದೆ. ಮೊದಲ ದಿನ ಏನನ್ನೂ ಹೇಳದೆ ಒಂದು ಗಂಟೆ ನೋಡುತ್ತ ಕುಳಿತೆ. ಮಗು ಹತ್ತು ಸಾರಿ ತಾಯಿಯ ಕೆಲಸಕ್ಕೆ ಕೈಹಾಕಲು ಬಂತು. ಹತ್ತು ಸಾರಿಯೂ “ಬಿಡು, ಚೆಲ್ತೀಯ” ಎಂಬ ಮಾತು ಕೇಳಿ ಕೊನೆಗೆ ಮೊಬೈಲ್ ಹಿಡಿದು ಕುಳಿತಿತು. ಅಂದು ನಾವು ಬದಲಾಯಿಸಿದ್ದು ಒಂದೇ: ಮಗುವಿಗೆ ಎಟುಕುವಂತೆ ಗೋಡೆಗೆ ಒಂದು ಮೊಳೆ ಹೊಡೆದು ಅದರದೇ ಟವಲು ನೇತುಹಾಕಿದೆವು, ಕೆಳಗೆ ಒಂದು ಸಣ್ಣ ಚೊಂಬು ಇಟ್ಟೆವು. ಮುಂದಿನ ವಾರ ಅಕ್ಕನೇ ಹೇಳಿದಳು: “ದಿನಾ ಅವಳೇ ಮುಖ ತೊಳ್ಕೊಂಡು ಒರೆಸ್ಕೊಂತಾಳೆ ಕಣೆ. ನೀರು ಚೆಲ್ಲಿದ್ರೆ ಬಟ್ಟೆ ತಂದು ಒರೆಸ್ತಾಳೆ.” ಅವಳ ದನಿಯಲ್ಲಿದ್ದದ್ದು ಮಗಳ ಹೆಮ್ಮೆಯೊಂದೇ ಅಲ್ಲ, ತಾನೂ ಕಲಿಸಬಲ್ಲೆನೆಂಬ ಧೈರ್ಯ. ಮಗು ಈಗ ಊರ ಅಂಗನವಾಡಿಗೆ ಹೋಗುತ್ತಿದೆ. ಸಾಲದ ಮಾತು ಸದ್ಯಕ್ಕೆ ನಿಂತಿದೆ. ಮುಂದಿನ ಶಾಲೆಯ ಪ್ರಶ್ನೆ ಹಾಗೆಯೇ ಉಳಿದಿದೆಯಾದರೂ ಮೂರು ವರ್ಷಗಳ ಅವಕಾಶ ದೊರೆತಿದೆ.

ಒಬ್ಬೊಬ್ಬ ತಾಯಿಗೂ ಬೇರೆಬೇರೆಯಾಗಿ ಹೇಳಬೇಕೆಂಬುದೇಕೆ ಎಂದು ಕೆಲವರು ಕೇಳಬಹುದು. ಒಂದು ಮನೆಯಲ್ಲಿ ಐದು ವರ್ಷದ ಮಗುವಿಗೂ ಅಜ್ಜಿಯೇ ತುತ್ತಿಡುತ್ತಾಳೆ. ಅಲ್ಲಿ ಮಾತನಾಡಬೇಕಾದ್ದು ಅಜ್ಜಿಯೊಡನೆ, ಅದೂ ಅವಳ ಪ್ರೀತಿಗೆ ನೋವಾಗದಂತೆ. ಇನ್ನೊಂದು ಮನೆಯಲ್ಲಿ ತಾಯಿ ಬೆಳಿಗ್ಗೆಯೇ ಕೂಲಿಗೆ ಹೊರಡುತ್ತಾಳೆ; ಅವಳಿಗೆ ಸಿಗುವುದು ರಾತ್ರಿಯ ಅರ್ಧ ಗಂಟೆ ಮಾತ್ರ. ಎಲ್ಲರಿಗೂ ಒಂದೇ ಭಾಷಣ ಮಾಡಿದರೆ ಅದು ಯಾರ ಮನೆಯನ್ನೂ ಮುಟ್ಟುವುದಿಲ್ಲ. ಆದುದರಿಂದ ಮೊದಲು ನೋಡುವುದು, ಆಮೇಲೆ ಕೇಳುವುದು, ಒಂದು ಸಾರಿಗೆ ಒಂದೇ ಬದಲಾವಣೆ ಸೂಚಿಸುವುದು, ವಾರ ಬಿಟ್ಟು ಮತ್ತೆ ಬರುವುದು, ಇದೇ ಸರಿಯಾದ ಕ್ರಮ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮಾಂಟೆಸ್ಸರಿ ಶಾಲೆಯ ಉಪಕರಣಗಳು ಶಾಸ್ತ್ರೀಯವಾದ ಅಳತೆಯವು. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಏರುವ ಹತ್ತು ಗುಲಾಬಿ ಘನಗಳ ಗೋಪುರಕ್ಕೆ ನಮ್ಮ ಸೇರು ಪಾವುಗಳು ಸಮವೆಂದು ನಾನು ವಾದಿಸುವುದಿಲ್ಲ. ತರಬೇತಿ ಪಡೆದ ಅಧ್ಯಾಪಕಿಯ ಸ್ಥಾನವನ್ನು ಬಿ.ಎ. ವಿದ್ಯಾರ್ಥಿನಿ ತುಂಬಲಾರಳು. ಎರಡನೆಯದು ಇನ್ನೂ ಮುಖ್ಯ. ಕೆಲಸ ಕಲಿಸುವುದೆಂದರೆ ಮಗುವನ್ನು ಕೂಲಿಗೆ ಹಚ್ಚುವುದಲ್ಲ. ನಮ್ಮ ತಂದೆತಾಯಿಗಳ ಬಾಲ್ಯ ಹೊಲದಲ್ಲಿ, ದನಗಳ ಹಿಂದೆ ಕಳೆದುಹೋದದ್ದನ್ನು ನಾವು ಬಲ್ಲೆವು. ಮಗು ತಾನಾಗಿ ಆರಿಸಿಕೊಂಡು, ಬೇಕೆನಿಸಿದಷ್ಟು ಸಾರಿ ಮಾಡಿ, ಸಾಕೆನಿಸಿದಾಗ ಬಿಡುವಂತಿದ್ದರೆ ಅದು ಶಿಕ್ಷಣ. ಮನೆಯ ಅಗತ್ಯಕ್ಕಾಗಿ ಮಾಡಲೇಬೇಕೆಂದರೆ ಅದು ದುಡಿಮೆ. ಈ ಗೆರೆಯನ್ನು ದಾಟಬಾರದು.

ಹಾಗಾದರೆ ಮನೆಮನೆಗೆ ಹೋಗುವವರು ಯಾರು? ಮೂರು ವರ್ಷದೊಳಗಿನ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2024ರಲ್ಲಿ ‘ನವಚೇತನ’ ಎಂಬ ರೂಪುರೇಷೆಯನ್ನು ಹೊರತಂದಿದ್ದು, ಅಂಗನವಾಡಿ ಕಾರ್ಯಕರ್ತೆಯರ ಮನೆಭೇಟಿಗೆ ಅದರಲ್ಲಿ ಸ್ಥಾನವಿದೆ. ಆದರೆ ಅಡಿಗೆ, ತೂಕ, ದಾಖಲೆಗಳ ಹೊರೆ ಹೊತ್ತ ಆ ತಾಯಂದಿರೊಬ್ಬರಿಂದಲೇ ಇದು ಆಗುವ ಕೆಲಸವಲ್ಲ. ನಮ್ಮ ಕಾಲೇಜಿನಲ್ಲಿ ಮನೆತನಕ್ಕೆ ಮೊದಲಿಗರಾಗಿ ಪದವಿಗೆ ಬಂದವರು ಎಷ್ಟೋ ಮಂದಿ ಇದ್ದೇವೆ. ಪ್ರತಿಯೊಬ್ಬರ ಊರಿನಲ್ಲಿಯೂ ಅಕ್ಕನ ಮಗುವೋ ಅಣ್ಣನ ಮಗುವೋ ಇದ್ದೇ ಇರುತ್ತದೆ. ವಾರಕ್ಕೆ ಒಂದು ಗಂಟೆ ಒಂದು ಮನೆಗೆ ಕೊಟ್ಟರೆ ನಮ್ಮ ಓದಿಗೆ ನಷ್ಟವಾಗದು. ನಮ್ಮ ಅಧ್ಯಾಪಕರು ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಇದಕ್ಕೂ ಎಡೆಮಾಡಿಕೊಡಬೇಕೆಂದು ವಿನಂತಿಸುತ್ತೇನೆ. ನಮ್ಮನ್ನು ಓದಿಸಿದ ತಾಯಂದಿರು ತಮಗೆ ಏನೂ ಬಾರದೆಂದೇ ತಿಳಿದಿದ್ದಾರೆ. ಅವರಿಗೆ ಬರುವುದು ಎಷ್ಟೆಂಬುದನ್ನು ಅವರಿಗೆ ತೋರಿಸಿಕೊಡುವುದು ನಮ್ಮ ಪದವಿಯ ಮೊದಲ ಉಪಯೋಗವಾಗಲಿ.