ಎಲ್ಲವನ್ನೂ ತೆಗೆದ ಮೇಲೆ ಉಳಿಯುವುದೇನು?

ಆಂಧ್ರದ ಅನಂತಪುರ ಜಿಲ್ಲೆಯ ಡಿ. ಹಿರೇಹಾಳ್ ಮಂಡಲದವರಿಗೆ ವಸ್ತುವಿನ ಭಾರ ಎಂದರೇನೆಂದು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಬಳ್ಳಾರಿ ಗಡಿಗೆ ಅಂಟಿಕೊಂಡ ಈ ಕನ್ನಡ ಸೀಮೆಯ ಓಬಳಾಪುರಂ ಗುಡ್ಡಗಳಿಂದ ಲಾರಿಗಟ್ಟಲೆ ಕಬ್ಬಿಣದ ಅದಿರು ಹೋಗಿದೆ. ಗುಡ್ಡ ಕರಗಿದರೂ ಅದು ನಿಂತಿದ್ದ ಜಾಗ ಎಲ್ಲೂ ಹೋಗುವುದಿಲ್ಲ. ಆದರೆ ಗುಡ್ಡದ ಜೊತೆಗೆ ಭೂಮಿ, ಸೂರ್ಯ, ನಕ್ಷತ್ರಗಳು, ಕಟ್ಟಕಡೆಯ ಪರಮಾಣುವನ್ನೂ ತೆಗೆದುಬಿಟ್ಟರೆ? ಆಗಲೂ ಜಾಗ ಎಂಬುದು ಇರುತ್ತದೆಯೇ? ಕಾಲ ಸರಿಯುತ್ತದೆಯೇ?

ಈ ಪ್ರಶ್ನೆ ಅನಂತಪುರ ಜಿಲ್ಲೆಗೆ ಹೊಸದಲ್ಲ.

ಗುಂತಕಲ್ಲಿನ ಸಮೀಪದ ಕೊನಕೊಂಡ್ಲದ ಹಳೆಯ ಹೆಸರು ಕೊಂಡಕುಂದೆ. ದಿಗಂಬರ ಜೈನರು ತೀರ್ಥಂಕರರ ನಂತರ ನೆನೆಯುವ ಆಚಾರ್ಯ ಕುಂದಕುಂದರ ಊರು ಇದೇ ಎಂಬುದು ಪರಂಪರೆಯ ಮಾತು. ಶಾಸನತಜ್ಞ ಪಿ.ಬಿ. ದೇಸಾಯಿ ಅವರು ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ 1957ರ ತಮ್ಮ ಗ್ರಂಥದಲ್ಲಿ ಇಲ್ಲಿನ ಜೈನ ಅವಶೇಷಗಳನ್ನು ವಿವರವಾಗಿ ಚರ್ಚಿಸಿದ್ದಾರೆ.

ಕುಂದಕುಂದರು ಪ್ರಾಕೃತದಲ್ಲಿ ಬರೆದ 'ಪಂಚಾಸ್ತಿಕಾಯಸಾರ' ಈ ಪ್ರಶ್ನೆಯನ್ನು ನೇರವಾಗಿಯೇ ಎದುರಿಸುತ್ತದೆ. ಜೀವಗಳೂ ಪುದ್ಗಲವೂ, ಅಂದರೆ ಜಡವಸ್ತುವೂ, ಇರುವ ಭಾಗ ಲೋಕ. ಅದರಾಚೆಗಿನದು ಅಲೋಕ, ಅಲ್ಲಿ ಆಕಾಶ, ಅಂದರೆ ಜಾಗ, ಒಂದನ್ನು ಬಿಟ್ಟರೆ ಬೇರೇನೂ ಇಲ್ಲ, ಆ ಆಕಾಶಕ್ಕೆ ಕೊನೆಯೂ ಇಲ್ಲ. ಹಾಗಾಗಿ ವಸ್ತುವಿಲ್ಲದ ಜಾಗ ಈ ದರ್ಶನದಲ್ಲಿ ಬರೀ ಕಲ್ಪನೆಯಲ್ಲ, ನಿಜವಾಗಿ ಇರುವಂಥದ್ದು.

ಕಾಲದ ವಿಚಾರಕ್ಕೆ ಬಂದಾಗ ಅವರು ಇನ್ನೂ ಸೂಕ್ಷ್ಮವಾಗುತ್ತಾರೆ. ನಿಮಿಷ, ಹಗಲುರಾತ್ರಿ, ತಿಂಗಳು, ವರ್ಷ ಇವೆಲ್ಲ ವ್ಯವಹಾರದ ಕಾಲ. ಅಳತೆಯಿಲ್ಲದೆ ಬೇಗ, ತಡ ಎಂಬ ಮಾತಿಲ್ಲ; ಪುದ್ಗಲವಿಲ್ಲದೆ ಅಳತೆಯಿಲ್ಲ. ಆದ್ದರಿಂದ ಎಣಿಕೆಗೆ ಸಿಗುವ ಕಾಲ ವಸ್ತುವನ್ನು ಆಶ್ರಯಿಸಿದೆ. ಅದರ ತಳದಲ್ಲಿ ನಿಶ್ಚಯಕಾಲ ಎಂಬ ಸ್ವತಂತ್ರ ದ್ರವ್ಯವಿದೆ. ಇರುವುದು ಬೇರೆ, ಅಳೆಯಲು ಸಿಗುವುದು ಬೇರೆ ಎಂಬ ಈ ವಿಂಗಡಣೆಯೇ ಇಡೀ ಚರ್ಚೆಯ ಕೀಲಿಕೈ.

ಯುರೋಪಿನಲ್ಲಿ ಜಗಳ ಎದ್ದಿದ್ದು ಇದೇ ಜಾಗದಲ್ಲಿ. 1687ರ 'ಪ್ರಿನ್ಸಿಪಿಯಾ'ದಲ್ಲಿ ನ್ಯೂಟನ್, ದೇಶ–ಕಾಲಗಳಿಗೆ, ಅಂದರೆ ಜಾಗಕ್ಕೂ ಕಾಲಕ್ಕೂ, ಯಾವ ವಸ್ತುವಿನ ಹಂಗೂ ಇಲ್ಲ ಎಂದ. ವಸ್ತುಗಳ ನಡುವಿನ ಸಂಬಂಧಗಳೇ ಜಾಗ, ಘಟನೆಗಳ ಹಿಂದುಮುಂದೇ ಕಾಲ ಎಂದು ಲೈಬ್ನಿಟ್ಸ್ ಪ್ರತಿವಾದ ಹೂಡಿದ. 1715–16ರಲ್ಲಿ ನ್ಯೂಟನ್ ಪರವಾಗಿ ಸ್ಯಾಮ್ಯುಯೆಲ್ ಕ್ಲಾರ್ಕ್ ಲೈಬ್ನಿಟ್ಸ್‌ನೊಂದಿಗೆ ನಡೆಸಿದ ಪತ್ರವ್ಯವಹಾರವನ್ನು ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಐನ್‌ಸ್ಟೀನ್ ಮೊದಮೊದಲು ಲೈಬ್ನಿಟ್ಸ್ ಕಡೆಗೇ ವಾಲಿದ್ದರು. ವಸ್ತುಗಳು ಮಾಯವಾದರೆ ದೇಶ–ಕಾಲಗಳೂ ಅವುಗಳೊಂದಿಗೇ ಮಾಯವಾಗುತ್ತವೆ ಎಂದು 1921ರ ಅಮೆರಿಕ ಪ್ರವಾಸದಲ್ಲಿ ಪತ್ರಕರ್ತರಿಗೆ ಹೇಳಿದ್ದರು. ಆದರೆ 1915ರಲ್ಲಿ ಅವರೇ ಬರೆದ ಸಮೀಕರಣಗಳು ಆ ಮಾತಿಗೆ ಒಗ್ಗಲಿಲ್ಲ. ಡಚ್ ಖಗೋಳವಿಜ್ಞಾನಿ ವಿಲ್ಲೆಮ್ ಡಿ ಸಿಟ್ಟರ್ 1917ರಲ್ಲಿ ಒಂದು ಕಣ ವಸ್ತುವೂ ಇಲ್ಲದ ವಿಶ್ವವನ್ನು, ಐನ್‌ಸ್ಟೀನ್ ಆ ವರ್ಷ ತಿದ್ದಿದ ಅದೇ ಸಮೀಕರಣಗಳಿಂದ ತೆಗೆದು ತೋರಿಸಿದರು. ಐನ್‌ಸ್ಟೀನ್‌ಗೆ ಅದು ಹಿಡಿಸಲಿಲ್ಲ. ಗಣಿತದಲ್ಲಿ ಮಾತ್ರ ತಪ್ಪಿರಲಿಲ್ಲ.

ಗಣಿತದಿಂದಾಚೆ ಸಾಕ್ಷಿ ಬೇಕಲ್ಲ? ಆ ಹಾದಿಯಲ್ಲಿ ದೊಡ್ಡ ಹೆಜ್ಜೆ ಇಟ್ಟವರು ಒಬ್ಬ ಕನ್ನಡಿಗ.

1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ, ಕನ್ನಡ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಚಾರ್ಲ್ಸ್ ಮಿಸ್ನರ್ ಬಳಿ ಸಂಶೋಧನೆ ಮಾಡಿದರು. ಕಪ್ಪುಕುಳಿಯನ್ನು ಕಲಕಿದರೆ ಏನಾಗುತ್ತದೆ ಎಂಬುದಕ್ಕೆ 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ದೇವಸ್ಥಾನದ ಗಂಟೆ ಬಾರಿಸಿದಾಗ ನಾದ ಮೆಲ್ಲಗೆ ತಗ್ಗುತ್ತ ಹೋಗುವಂತೆ ಕಪ್ಪುಕುಳಿಯೂ ತನ್ನದೇ ಶ್ರುತಿಯಲ್ಲಿ ಕಂಪಿಸಿ ಶಾಂತವಾಗುತ್ತದೆ. ಆದರೆ ಗಂಟೆಯಲ್ಲಿ ಕಂಚು ಇದೆ. ಕಪ್ಪುಕುಳಿಯ ಗಡಿಯಲ್ಲಿ ಹಾಗೆ ಅಲುಗಲು ಯಾವ ಲೋಹವೂ ಇಲ್ಲ, ಅನಿಲವೂ ಇಲ್ಲ. ಕಂಪಿಸುವುದು ಬಾಗಿದ ದೇಶ–ಕಾಲವೇ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳು ದೇಶ–ಕಾಲದಲ್ಲಿ ಹರಡುವ ಕಂಪನಗಳಾದ ಗುರುತ್ವ ಅಲೆಗಳನ್ನು ಮೊದಲ ಬಾರಿಗೆ ಹಿಡಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದಾಗಿದ್ದವು. ಮೂರು ಸೂರ್ಯರಷ್ಟು ದ್ರವ್ಯರಾಶಿ ಅಲೆಯಾಗಿ ಹರಿದುಹೋಗಿತ್ತು. ಆ ಸಂಕೇತದ ಬಾಲದಲ್ಲಿ ಕಂಡದ್ದು ವಿಶ್ವೇಶ್ವರ ಹೇಳಿದ್ದ ಅದೇ ಕಂಪನ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಆಗಿದ್ದ ಅವರು ಈ ಸುದ್ದಿ ಕೇಳುವವರೆಗೂ ಬದುಕಿದ್ದು, 2017ರ ಜನವರಿಯಲ್ಲಿ ತೀರಿಕೊಂಡರು.

ಆ ಕಪ್ಪುಕುಳಿಗಳು ಹುಟ್ಟಿದ್ದು ವಸ್ತುವಿನಿಂದಲೇ, ಅಲೆ ಹಿಡಿದ ಯಂತ್ರಗಳೂ ವಸ್ತುವೇ ಎಂಬ ಆಕ್ಷೇಪ ಸರಿಯಾದದ್ದು. ಪೂರ್ತಿ ಬರಿದಾದ ವಿಶ್ವವನ್ನು ಯಾರೂ ಹೊಕ್ಕು ನೋಡಲಾರರು, ಹೊಕ್ಕರೆ ಅದು ಬರಿದಾಗಿ ಉಳಿಯುವುದಿಲ್ಲ. ಕುಂದಕುಂದರ ವಿಂಗಡಣೆ ಇಲ್ಲಿ ನೆರವಿಗೆ ಬರುತ್ತದೆ. ವಸ್ತುವಿಲ್ಲದೆ ದೇಶ–ಕಾಲ ಇರಬಲ್ಲದು, ಶಕ್ತಿಯನ್ನು ಹೊತ್ತು ಅಲೆಯಾಗಿ ಸಾಗಬಲ್ಲದು ಎಂಬುದು ಐನ್‌ಸ್ಟೀನ್ ಸಿದ್ಧಾಂತದ ತೀರ್ಪು. ವಸ್ತುವಿಲ್ಲದೆ ಅದನ್ನು ಅಳೆಯಲಾಗದು ಎಂಬುದೂ ಅಷ್ಟೇ ನಿಜ.

ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋ–ಇಂಡಿಯಾ ಕಟ್ಟಲು ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅಲ್ಲಿ ದುಡಿಯುವ ವಿಜ್ಞಾನಿಗಳು ಇಂದಿನ ಶಾಲೆಗಳಿಂದಲೇ ಬರಬೇಕು. ರಾಯದುರ್ಗ, ಮಡಕಶಿರಾದ ಕನ್ನಡ ಸೀಮೆಯ ಮೇಷ್ಟ್ರುಗಳು ತಮ್ಮ ಮಕ್ಕಳನ್ನು ಒಮ್ಮೆ ಕೊನಕೊಂಡ್ಲಕ್ಕೂ ಒಮ್ಮೆ ಬೆಂಗಳೂರಿನ ತಾರಾಲಯಕ್ಕೂ ಕರೆದುಕೊಂಡು ಹೋಗಲಿ. ಜಗತ್ತಿನ ಅತಿ ಕಠಿಣ ಪ್ರಶ್ನೆಗಳಲ್ಲಿ ಒಂದನ್ನು ತಮ್ಮ ನೆಲದವರೂ ತಮ್ಮ ಭಾಷೆಯವರೂ ಕೇಳಿದ್ದಾರೆ ಎಂಬುದು ಆ ಮಕ್ಕಳಿಗೆ ಗೊತ್ತಾಗಬೇಕು.