ರೂಮಿನ ಬಾಗಿಲು ಹಾಕಿ ಕುಡಿತ ಬಿಡಿಸಬೇಡಿ

ಸೋನಾಪುರವಿರಲಿ, ಅಲ್ ಕೂಜ್ ಇರಲಿ, ಕ್ಯಾಂಪಿನಲ್ಲಿ ಒಬ್ಬನ ಕುಡಿತ ಮಿತಿಮೀರಿತು ಅಂದರೆ ನಮ್ಮವರು ಮೊದಲು ಬುದ್ಧಿ ಹೇಳುತ್ತಾರೆ. ಅದು ನಾಟದಿದ್ದರೆ ಸಂಬಳದ ಎಟಿಎಂ ಕಾರ್ಡ್ ಇಸಕೊಂಡು ಇಟ್ಟುಕೊಳ್ಳುತ್ತಾರೆ. ಅದಕ್ಕೂ ಬಗ್ಗದಿದ್ದರೆ ಎರಡು ದಿನ ರಜೆ ಹಾಕಿಸಿ, "ಇವತ್ತಿಂದ ಒಂದು ತೊಟ್ಟೂ ಇಲ್ಲ" ಅಂತ ರೂಮಿನಲ್ಲೇ ಕೂರಿಸುತ್ತಾರೆ. ಪ್ರೀತಿಯಿಂದಲೇ ಮಾಡೋದು, ಅನುಮಾನ ಬೇಡ. ಆದರೆ ಈ ಕೊನೆಯ ಉಪಾಯ ಜೀವಕ್ಕೇ ಎರವಾಗಬಹುದು.

ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದ ದೇಹ ಅದಕ್ಕೆ ಒಗ್ಗಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಅದೇ ದಿನ ಕೈ ನಡುಗುತ್ತದೆ, ಬೆವರು, ವಾಂತಿ, ನಿದ್ದೆಯಿಲ್ಲ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಜ್ವರ, ಗೊಂದಲ, ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ಇಲ್ಲದವರ ಜೊತೆ ಮಾತಾಡುವುದು. ಡಾಕ್ಟರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ನಮ್ಮ ಕೆಲವರು ದೆವ್ವ ಮೆಟ್ಟಿತು ಅಂತ ಊರಿಗೆ ಫೋನ್ ಮಾಡಿ ತಾಯತ ಕೇಳುತ್ತಾರೆ. ಆ ಹೊತ್ತಿಗೆ ಬೇಕಾಗಿರೋದು 998ಕ್ಕೆ ಕರೆ, ಆಂಬುಲೆನ್ಸ್. ಆಸ್ಪತ್ರೆಯಲ್ಲಿ ನರಗಳನ್ನು ಶಾಂತ ಮಾಡುವ ಔಷಧಿ ಕೊಟ್ಟು ದಿನದಿನಕ್ಕೆ ಕಡಿಮೆ ಮಾಡುತ್ತಾರೆ, ವಿಟಮಿನ್ ಬಿ1 ಕೊಡುತ್ತಾರೆ. ಹೆಚ್ಚಿನವರಿಗೆ ಒಂದು ವಾರದೊಳಗೆ ಈ ಹಂತ ದಾಟುತ್ತದೆ. ಆದ್ದರಿಂದ ದಿನಾ ಕುಡಿಯುವವನು "ಬಿಡ್ತೀನಿ" ಅಂದ ದಿನ ಕೈಹಿಡಿದು ಕರೆದುಕೊಂಡು ಹೋಗಬೇಕಾದ್ದು ಡಾಕ್ಟರ ಹತ್ತಿರ.

ಊರಿಂದ ಬರುವ ಪುಡಿಯ ಕತೆ ಇನ್ನೊಂದು. "ಗೊತ್ತಾಗದಂತೆ ಚಹಾದಲ್ಲಿ ಬೆರೆಸಿ" ಅನ್ನುವ ಜಾಹೀರಾತು ನೋಡಿ ಹೆಂಡತಿಯೋ ಅಮ್ಮನೋ ಪಾರ್ಸೆಲ್ ಕಳಿಸಿರುತ್ತಾರೆ. ಅದರೊಳಗೆ ಏನಿದೆ ಅಂತ ಯಾರಿಗೂ ಗೊತ್ತಿರಲ್ಲ. ಡೈಸಲ್ಫಿರಾಂ ಅನ್ನುವ ಮಾತ್ರೆಯಂಥದ್ದು ಹೊಟ್ಟೆಯಲ್ಲಿದ್ದಾಗ ಕುಡಿದರೆ ವಾಂತಿ, ಎದೆ ಬಡಿತ, ಬಿಪಿ ಕುಸಿತ ಎಲ್ಲ ಆಗುತ್ತದೆ. ಆ ಮಾತ್ರೆ ಒಳ್ಳೆಯದೇ, ಆದರೆ ಕುಡಿಯುವವನಿಗೆ ತಿಳಿಸಿ, ಒಪ್ಪಿಗೆ ಪಡೆದು ಡಾಕ್ಟರು ಕೊಡುವಂಥದ್ದು.

ನಮ್ಮಂಥ ಲೆಕ್ಕದವರಿಗೆ ಕುಡಿತ ಮೊದಲು ಕಾಣಿಸೋದು ಸಂಬಳದ ಅಡ್ವಾನ್ಸ್ ಅರ್ಜಿಯಲ್ಲಿ. ತಿಂಗಳ ಹತ್ತನೇ ತಾರೀಕಿಗೇ ಅಡ್ವಾನ್ಸ್, ಊರಿಗೆ ಹೋಗುವ ದುಡ್ಡು ಅರ್ಧಕ್ಕೆ ಇಳಿಕೆ. ಸ್ವಲ್ಪ ಕೂರಿಸಿ ಮಾತಾಡಿಸಿದರೆ ಅನೇಕ ಸಲ ಕುಡಿತದ ಹಿಂದೆ ಇನ್ನೊಂದು ವಿಷಯ ಇರುತ್ತದೆ. ಸಾಲ, ಮಗಳ ಮದುವೆ, ಮೂರು ವರ್ಷ ಊರಿಗೆ ಹೋಗದಿರುವುದು, ನಿದ್ದೆಯೇ ಬಾರದಿರುವುದು. "ಮನಸ್ಸಿಗೆ ಬೇಜಾರು" ಅಂತ ನಮ್ಮ ಗಂಡಸರು ಹೇಳಲ್ಲ. ಗ್ಯಾಸ್, ತಲೆನೋವು, ಬೆನ್ನುನೋವು ಅಂತಾರೆ. ಎರಡು ವಾರ ದಾಟಿದರೂ ಊಟ, ನಿದ್ದೆ, ಮಾತು ಯಾವುದೂ ಮೊದಲಿನಂತಿಲ್ಲ ಅಂದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಮದ್ದಿದೆ. ಮಾತ್ರೆ ಕೆಲಸ ತೋರಿಸೋಕೆ ಎರಡರಿಂದ ನಾಲ್ಕು ವಾರ ಬೇಕು. ನಮ್ಮವರು ಐದನೇ ದಿನಕ್ಕೇ "ಉಪಯೋಗ ಇಲ್ಲ" ಅಂತ ಬಿಟ್ಟುಬಿಡುತ್ತಾರೆ, ಅದೇ ತೊಂದರೆ. ಸಾಯುವ ಮಾತಾಡಿದರೆ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಆ ರಾತ್ರಿ ಒಬ್ಬನನ್ನೇ ಬಿಡಬೇಡಿ, ಡಾಕ್ಟರಿಗೆ ತೋರಿಸಿ.

"ಹೇಳಿದರೆ ಕೆಲಸ ಹೋಗುತ್ತೆ" ಅನ್ನುವ ಭಯಕ್ಕೂ ಸ್ವಲ್ಪ ಲೆಕ್ಕ ಹೇಳುತ್ತೇವೆ. ಯುಎಇ ಕಾರ್ಮಿಕ ಕಾನೂನಿನಲ್ಲಿ ಪ್ರೊಬೇಷನ್ ಮುಗಿದ ಮೇಲೆ ವರ್ಷಕ್ಕೆ 90 ದಿನ ಸಿಕ್ ಲೀವ್ ಇದೆ: 15 ದಿನ ಪೂರ್ತಿ ಸಂಬಳ, 30 ದಿನ ಅರ್ಧ, ಉಳಿದ 45 ಸಂಬಳವಿಲ್ಲದೆ. ಖಿನ್ನತೆಯೂ ಕಾಯಿಲೆಯೇ, ವೈದ್ಯರ ಸರ್ಟಿಫಿಕೇಟ್ ಬೇಕು. 2023ರ ಮಾನಸಿಕ ಆರೋಗ್ಯ ಕಾನೂನು (ನಂ. 10) ಬಂದ ಮೇಲೆ ಮಾನಸಿಕ ರೋಗದ ಕಾರಣಕ್ಕೆ ಕೆಲಸದಿಂದ ತೆಗೆಯಬೇಕಾದರೆ ತಜ್ಞರ ಸಮಿತಿಯ ವರದಿ ಬೇಕು. ಕಹಿ ಮಾತೂ ಹೇಳಬೇಕು: ಕುಡಿತದಿಂದಲೇ ನೇರವಾಗಿ ಬಂದ ಕಾಯಿಲೆಗೆ ರಜೆ ಸಂಬಳ ಸಿಗದೇ ಹೋಗಬಹುದು, ಡ್ಯೂಟಿಯಲ್ಲಿ ಕುಡಿದು ಸಿಕ್ಕಿದರೆ ನೋಟಿಸ್ ಇಲ್ಲದೆ ಮನೆಗೆ ಕಳಿಸುವ ಹಕ್ಕು ಕಂಪನಿಗಿದೆ. ಇನ್ಶೂರೆನ್ಸ್ ಪಾಲಿಸಿಗಳು ಬೇರೆ ಬೇರೆ ಥರ ಇರುತ್ತವೆ, ಯಾವುದಕ್ಕೆ ದುಡ್ಡು ಕೊಡಲ್ಲ ಅನ್ನುವ ಪುಟವನ್ನೇ ಮೊದಲು ಓದಿಸಿಕೊಳ್ಳಿ. ಅಷ್ಟೂ ಪುಟಗಳಲ್ಲಿ ಓದಲೇಬೇಕಾದ ಪುಟ ಅದೊಂದೇ.

ಡ್ರಗ್ಸ್ ವಿಷಯದಲ್ಲಿ ಕಾನೂನು ತುಂಬಾ ಬಿಗಿ. ಆದರೂ 2021ರ ಕಾನೂನಿನಲ್ಲಿ (ನಂ. 30) ಒಂದು ಬಾಗಿಲಿದೆ: ಸಿಕ್ಕಿಬೀಳುವ ಮೊದಲೇ ತಾನಾಗಿ ಚಿಕಿತ್ಸೆ ಕೇಳಿಕೊಂಡು ಬಂದವನ ಮೇಲೆ ಬಳಕೆಯ ಕೇಸು ಹಾಕುವುದಿಲ್ಲ. ಹೆಜ್ಜೆ ಇಡುವ ಮುಂಚೆ ವಕೀಲರ ಹತ್ತಿರ ಮಾತಾಡಿ. ಊರಿನ ಡಾಕ್ಟರು ಬರೆದ ನಿದ್ದೆ ಮಾತ್ರೆ, ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಇವನ್ನು ಮುಂಚಿತ ಸರ್ಕಾರಿ ಅನುಮತಿ ಇಲ್ಲದೆ ತರಬೇಡಿ. ಪಕ್ಕದ ಮನೆಯವರು ಕೊಟ್ಟ ಪೊಟ್ಟಣವಂತೂ ಬೇಡವೇ ಬೇಡ.

ಎಲ್ಲಿಂದ ಶುರು ಮಾಡೋದು? ಭಾರತೀಯ ಕಾನ್ಸುಲೇಟಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 800 46342 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ. ದುಬೈಯಲ್ಲಿ ಅಲ್ ಅಮಲ್ ಮಾನಸಿಕ ಆಸ್ಪತ್ರೆ ಇದೆ, ರಾಶಿದ್ ಆಸ್ಪತ್ರೆಯಲ್ಲೂ ಈ ವಿಭಾಗ ಇದೆ. ಊರಲ್ಲಿರುವ ಮನೆಯವರು ಟೆಲಿಮಾನಸ್‌ಗೆ, 14416ಕ್ಕೆ, ಕನ್ನಡದಲ್ಲೇ ಮಾತಾಡಬಹುದು. ಗಂಡ ಇಲ್ಲಿ ಕುಡಿಯುತ್ತಾ ಕೂತರೆ ಅಲ್ಲಿ ಹೆಂಡತಿಗೂ ಆಸರೆ ಬೇಕಲ್ಲ. ರಜೆಯಲ್ಲಿ ಹೋದಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳು ಕರಾವಳಿಯವರಿಗೆ ಗೊತ್ತೇ ಇವೆ. ಶಿಬಿರ ಮುಗಿದ ಮೇಲೆ ಊರಲ್ಲಿ ನವಜೀವನ ಸಮಿತಿ ಜೊತೆಗಿರುತ್ತದೆ. ಜಾಸ್ತಿ ನಡುಕ, ಫಿಟ್ಸ್ ಇದ್ದವರು ಮೊದಲು ಆಸ್ಪತ್ರೆ ಮುಗಿಸಿಕೊಂಡು ಶಿಬಿರಕ್ಕೆ ಹೋಗಲಿ.

ವಾಪಸ್ ಬಂದವನನ್ನು "ಏನೋ, ಸನ್ಯಾಸಿ ಆದ್ಯಾ?" ಅಂತ ಕಿಚಾಯಿಸಬೇಡಿ. ಮತ್ತೆ ಒಮ್ಮೆ ಕುಡಿದ ಅಂದರೆ ಚಿಕಿತ್ಸೆ ವ್ಯರ್ಥವಾಯಿತು ಅಂತಲೂ ಅಲ್ಲ, ಶುಗರ್ ಇರುವವನು ಜಿಲೇಬಿ ತಿಂದಂತೆ, ಮತ್ತೆ ಡಾಕ್ಟರ ಹತ್ತಿರ ಹೋದರಾಯಿತು. ಮೊದಲ ಕೆಲವು ತಿಂಗಳು ಸಂಬಳದ ದಿನ ಸಂಜೆ ರೂಮಿನವರು ಯಾರಾದರೊಬ್ಬರು ಜೊತೆಗಿರಿ. ಹೋಟೆಲಿಗೆ ಕರೆದುಕೊಂಡು ಹೋಗಿ, ಬಿಲ್ ಬೇಕಾದರೆ ಅವನೇ ಕೊಡಲಿ.